ಒಣಗಿದ ಮೇಲೆ

ಒದ್ದೆ ಕೂದಲು ಸುಳ್ಳು ಹೇಳುತ್ತದೆ.
ಬೆನ್ನ ನಡುವಿನವರೆಗೆ ಇದ್ದೇನೆ ಅನ್ನುತ್ತದೆ,
ಒಣಗಿದ ಮೇಲೆ ಹೆಗಲನ್ನೂ ಮುಟ್ಟುವುದಿಲ್ಲ.
ಅದಕ್ಕೇ ಆ ಭಾನುವಾರ, ಮಿಂದೆಲೋ ಊರಿಗೆ
ಗಾಳಿ ತುಸು ಬಿಡುವು ಕೊಟ್ಟ ಹನ್ನೊಂದರ ಹೊತ್ತಿಗೆ
ಪೂರ್ತಿ ಒಣಗಿಸಿಕೊಂಡು ಕೂತೆ,
ಅಡುಗೆಮನೆಯ ಸ್ಟೂಲಿನ ಮೇಲೆ,
ಕೊರಳಿಗೊಂದು ಹಳೇ ದುಪ್ಪಟಿ,
ಕೈಯಲ್ಲಿ ಅಮ್ಮನ ಹೊಲಿಗೆ ಕತ್ತರಿ.

ಅಮ್ಮ ಚರ್ಚಿಗೆ ಹೋಗಿದ್ದಳು.
ಈ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಯ್ಯುವವಳು,
ಬಟ್ಟೆ ಬಿಟ್ಟು ಬೇರೇನು ಸೋಕಿದರೂ ಮೊಂಡಾಗುತ್ತದಂತೆ.
ಕೂದಲಿನ ಮಾತು ಎತ್ತಿರಲಿಲ್ಲ.
ಕೂದಲಿಗೆ ಅವಳ ಬಳಿ ಇದ್ದದ್ದು ಬೇರೆ:
ಇದ್ದಿಲ ಒಲೆಯ ಮೇಲೆ ಕಾದ ಕಬ್ಬಿಣದ ಬಾಚಣಿಗೆ.

ಫೋಟೋ ತೆಗೆಸುವ ಹಿಂದಿನ ರಾತ್ರಿ
ಕಿವಿ ಮಡಚಿ ಹಿಡಿ ಅನ್ನುತ್ತಿದ್ದಳು.
ಹಿಡಿಯುತ್ತಿದ್ದೆ. ಚರ್ ಅನ್ನುತ್ತಿತ್ತು ವ್ಯಾಸಲೀನು.
ಎಡಗಿವಿಯ ತುದಿಯಲ್ಲಿ ಇಂದಿಗೂ
ಅಕ್ಕಿಕಾಳಿನಷ್ಟು ನುಣುಪು.

ಹಡಗಿನಲ್ಲಿದ್ದ ಅಪ್ಪನಿಗೆ ಆ ಫೋಟೋ ಹೋಗುತ್ತಿತ್ತು.
ಕ್ಯಾಬಿನ್ನಿನ ಗೋಡೆಗೆ ಅವನು ಅಂಟಿಸಿಕೊಂಡದ್ದು
ನಮ್ಮ ದ್ವೀಪ ಕಂಡರಿಯದ ಮಳೆಯ ಹಾಗೆ
ನೆಟ್ಟಗೆ ಇಳಿದ ಕೂದಲಿನ ಯಾವಳೋ ಹುಡುಗಿಯನ್ನು.
ನನಗೆ ಒಂಬತ್ತಾದಾಗ ಬಂದ.
ಬಂದರಿನ ಉಪ್ಪುಗಾಳಿಯಲ್ಲಿ ಒಂದೇ ಗಂಟೆಗೆ
ಅಮ್ಮನ ರಾತ್ರಿಯ ದುಡಿಮೆಯೆಲ್ಲ ಸುರುಳಿ ಸುತ್ತಿಕೊಂಡಿತ್ತು.
ಸಾಲಾಗಿ ನಿಂತ ಮಕ್ಕಳನ್ನು ದಾಟಿ, ನನ್ನನ್ನೂ ದಾಟಿ,
ಪಕ್ಕದ ಮನೆಯ ಲುಸೀನ್ಯಾಳನ್ನು ಎತ್ತಿಕೊಂಡ.
ಎಲ್ಲರೂ ನಕ್ಕರು. ಅವನೇ ಹೆಚ್ಚು ನಕ್ಕ.
ಅಮ್ಮ ಮಾತ್ರ ನನ್ನ ತಲೆಯನ್ನು ನೋಡಿದಳು,
ಹೊಲಿಗೆ ಬಿಟ್ಟ ಬಟ್ಟೆಯನ್ನು ನೋಡುವ ಹಾಗೆ.

ಇರಲಿ, ಕೆಲಸಕ್ಕೆ ಬರೋಣ.
ಹಿಡಿಗಟ್ಟಲೆ ಹಿಡಿದು ಕತ್ತರಿಸುವ ಹಾಗಿಲ್ಲ.
ಮದುವೆಮನೆಯ ನೆಂಟರ ಹಾಗೆ
ಒಂದೊಂದು ಸುರುಳಿಯನ್ನೂ ಬೇರೆ ಬೇರೆ ಮಾತಾಡಿಸಬೇಕು.
ಕಿವಿಯ ಹಿಂದಿನದು ಬಿಗಿ, ಸಿಡುಕು.
ನೆತ್ತಿಯದು ಸೋಮಾರಿ,
ಒಂದೂವರೆ ಸುತ್ತು ಸುತ್ತಿ ಕೈಬಿಡುತ್ತದೆ.
ಎಳೆಯಬೇಡ. ಎಳೆದರೆ ಉದ್ದವಿದ್ದಂತೆ ನಟಿಸಿ
ಕತ್ತರಿ ಬಿದ್ದ ಕೂಡಲೇ ಜಿಗಿದು ಮೇಲೆ ಕೂರುತ್ತದೆ.
ತುದಿ ಹುಡುಕು: ಸವೆದ, ಬಿಳಿಚಿದ,
ಸೀಳಿ ಎರಡಾದ ಅರ್ಧ ಅಂಗುಲ.
ಅಷ್ಟೇ. ಕಚ್.

ಹಿಂಬದಿಗೆ ಕನ್ನಡಿ ಹಿಡಿಯಲು
ಮಹಡಿ ಮನೆಯ ಎಡ್ಮೀರ್ ಬಂದಿದ್ದ. ಏಳು ವರ್ಷ,
ಕೂಲಿ ಎರಡು ಬಿಸ್ಕತ್ತು.
ಮೂರು ನಿಮಿಷ ಅಲುಗದೆ ಹಿಡಿದ.
ಆಮೇಲೆ ಬಿಸಿಲು ಸಿಕ್ಕಿಬಿಟ್ಟಿತು ಅವನಿಗೆ.
ಎದುರು ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಓಡಿಸಿದ,
ಬಾಲ್ಕನಿಯ ಬೆಕ್ಕಿಗೆ ಹುಚ್ಚು ಹಿಡಿಸಿದ.
ನನ್ನ ಕನ್ನಡಿಯಲ್ಲಿ ನನ್ನ ಕತ್ತಿರಬೇಕಾದಲ್ಲಿ
ಮೀನು ಮಾರುಕಟ್ಟೆಯ ಸೂರು, ಒಂದು ತುಂಡು ಆಕಾಶ.
ಎಡ್ಮೀರ್, ಅಂದೆ.
ಒಂದೇ ನಿಮಿಷ ತೀಯಾ, ಅಂದ.

ಸರಿ, ಬೆರಳಿಗೆ ಬಿಟ್ಟೆ.
ಕರೆಂಟು ಹೋದ ರಾತ್ರಿ ಮೆಟ್ಟಿಲು ಇಳಿಯುವ ಕಾಲಿಗೆ
ಲೆಕ್ಕ ಗೊತ್ತಿರುವಂತೆ ಅದಕ್ಕೂ ಗೊತ್ತಿತ್ತು,
ಎಲ್ಲಿ ಒರಟು ಶುರು, ಎಲ್ಲಿ ನಿಲ್ಲಬೇಕು.
ಒಂದೇ ಕಡೆ ತಪ್ಪಿದೆ. ಕತ್ತಿನ ಗುಳಿಯ ಎಡಕ್ಕೆ,
ಎರಡು ಅಂಗುಲ ಹೆಚ್ಚೇ ಬಂತು ಕೈಗೆ.
ನಾಳೆ ದೋಣಿಯ ಟಿಕೆಟ್ ಕೌಂಟರಿನಲ್ಲಿ
ಸರದಿಯವರಿಗೆ ಕಾಣುವುದು ಮುಖ ತಾನೆ?

ಎಡ್ಮೀರ್ ಸುತ್ತ ಒಂದು ಸುತ್ತು ಬಂದ.
ಮೊದಲಿನ ಹಾಗೇ ಇದೀಯಲ್ಲ,
ಏನು ಕತ್ತರಿಸಿದ್ದು, ಅಂದ.
ಮೂರನೇ ಬಿಸ್ಕತ್ತು ಕೊಟ್ಟೆ.

ದುಪ್ಪಟಿ ಕೊಡವಿ, ಕತ್ತರಿ ಒರೆಸಿ,
ಇದ್ದ ಡಬ್ಬಿಯಲ್ಲಿ ಇದ್ದ ಹಾಗೇ ಇಟ್ಟೆ,
ನಲವತ್ತೊಂದರ ಕಳ್ಳಿ.
ಸಂಜೆ ಅಮ್ಮ ಯಾರದೋ ಲಂಗಕ್ಕೆಂದು ತೆಗೆದಳು.
ತಿರುಪಿನ ಸಂದಿಯಿಂದ ಒಂದೇ ಒಂದು ಎಳೆ
ಉಗುರಲ್ಲಿ ಬಿಡಿಸಿ ದೀಪಕ್ಕೆ ಹಿಡಿದಳು.
ನನ್ನ ಕಡೆ ನೋಡಲಿಲ್ಲ.
ಎರಡು ತುದಿ ಹಿಡಿದು ಎಳೆದಳು, ನೆಟ್ಟಗಾಯಿತು.
ಬಿಟ್ಟಳು, ಸುತ್ತಿಕೊಂಡಿತು.
ಇನ್ನೊಮ್ಮೆ ಎಳೆದಳು.
ಬಿಟ್ಟಳು.